ಆಟಿಗೆ ಮೊದಲೇ ಹೊರಟ ಸೂಟ್‌ಕೇಸು

ಜನಕಪುರಿ, ಹೊಸದಿಲ್ಲಿ
21-7-2025, ಸೋಮವಾರ

ಪ್ರೀತಿಯ ಉಮಕ್ಕಾ,

ಇವತ್ತಿನಿಂದ ಇಲ್ಲಿ ಪಾರ್ಲಿಮೆಂಟಿನ ಅಧಿವೇಶನ ಶುರು. ನನ್ನ ಹೋಟೆಲಿನ ಇಡ್ಲಿ ತಲುಪದೆ ಅಲ್ಲಿ ಯಾವ ಪಕ್ಷದವರೂ ಬಾಯಿ ತೆರೆಯುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಬೆಳಿಗ್ಗೆಯಿಂದ ಒಬ್ಬರಾದ ಮೇಲೊಬ್ಬರು ಮಂತ್ರಿಗಳ ಫೋನು. ಎಲ್ಲರಿಗೂ ‘ಸ್ವಲ್ಪ ತಡೆಯಿರಿ, ಅಕ್ಕನಿಗೆ ಕಾಗದ ಬರೆಯುತ್ತಿದ್ದೇನೆ’ ಎಂದು ಹೇಳಿ, ದೇಶವನ್ನೇ ನಿಲ್ಲಿಸಿ, ಗಲ್ಲಾದ ಹಿಂದಿನ ಸ್ಟೂಲಿನಲ್ಲಿ ಕೂತಿದ್ದೇನೆ. ತಮ್ಮನಿಗೆ ನಿನ್ನ ಮೇಲೆ ಎಷ್ಟು ಮರ್ಯಾದೆ ಇದೆ ಎಂದು ಇದರಿಂದಲೇ ತಿಳಿದುಕೋ.

ನಿನ್ನ ಮೊಣಕಾಲು ಹೇಗಿದೆ? ಆ ಹಸಿರು ಎಣ್ಣೆ ತಿಕ್ಕುತ್ತೀಯೋ, ಕಪಾಟಿನಲ್ಲಿಟ್ಟು ಅದಕ್ಕೆ ಪೂಜೆ ಮಾಡುತ್ತೀಯೋ? ಭಾವನವರ ಸಕ್ಕರೆ ಇಳಿಯಿತೇ? ಅವರು ಹಲಸಿನ ಹಣ್ಣನ್ನು ಕದ್ದು ತಿನ್ನುವ ವಿಷಯ ನಾನು ಹೇಳಿದೆ ಎಂದು ಹೇಳಬೇಡ. ಹಾಲಿನ ಸೊಸೈಟಿಯಲ್ಲಿ ಈ ವರ್ಷವೂ ನೀನೇ ಕಾರ್ಯದರ್ಶಿ ಎಂದು ಕೇಳಿ ಸಂತೋಷವಾಯಿತು. ಹಾಲಿಗೆ ನೀರು ಹಾಕುವವರು ನಿನ್ನ ಹೆಜ್ಜೆ ಸಪ್ಪಳ ಕೇಳಿದರೇ ಕ್ಯಾನು ತಿರುಗಿಸಿಕೊಂಡು ಹೋಗುತ್ತಾರಂತೆ. ಇಲ್ಲಿ ನಾವೆಲ್ಲ ಆರಾಮ. ನನ್ನ ಮನೆಯವಳು ಇಂದಿರಾಳಿಗೆ ಸ್ವಲ್ಪ ನೆಗಡಿ. ನನಗೆ ಯಾವ ಕಾಯಿಲೆಯೂ ಇಲ್ಲ, ಬಂದ ಕಾಯಿಲೆಗಳೂ ನನ್ನ ಮಾತು ಕೇಳಿ ಸುಸ್ತಾಗಿ ಹೋಗುತ್ತವೆ ಎಂದು ಅವಳ ಅಭಿಪ್ರಾಯ.

ಈ ಕಾಲದಲ್ಲಿ ಕಾಗದ ಯಾಕೆ, ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎತ್ತಿದ್ದರೆ ಮಾಡಬಹುದಿತ್ತು. ಮೂರು ವಾರದಿಂದ ನೀನು ಮಗಳು ಶ್ರಾವ್ಯಾಳ ಫೋನು ಎತ್ತುವುದಿಲ್ಲ. ನಾನು ಅವಳ ಪಕ್ಷದವನು ಎಂದು ನನ್ನದೂ ಎತ್ತುವುದಿಲ್ಲ. ಭಾವನವರಿಗೆ ಮಾಡಿದರೆ ಅವರು ಬಾವಿಕಟ್ಟೆಯ ಹತ್ತಿರ ಹೋಗಿ ಪಿಸುಗುಟ್ಟುತ್ತಾರೆ, ಸಿಗ್ನಲ್ ಇರುವುದಿಲ್ಲ. ಹಾಗಾಗಿ ನಮ್ಮ ದೋಸೆ ಮಾಡುವ ಅಣ್ಣು ರಜೆಯಲ್ಲಿ ಊರಿಗೆ ಹೊರಟಿರುವುದನ್ನು ನೋಡಿ ಇದನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಬುಧವಾರ ತಲುಪಿಸುತ್ತಾನೆ. ಅವನ ಎದುರಿಗೆ ಓದಬೇಡ, ಬರೆದದ್ದಕ್ಕಿಂತ ಹೆಚ್ಚು ಅವನೇ ಹೇಳುತ್ತಾನೆ.

ಮೊದಲಿಗೆ, ಏಕನಾಥನನ್ನು, ಎಂದರೆ ನನ್ನನ್ನು, ದಿಲ್ಲಿಯಲ್ಲಿ ಬಾಂಬಿನ ಕೇಸಿನಲ್ಲಿ ಹಿಡಿದರಂತೆ ಎಂದು ಊರಲ್ಲೆಲ್ಲ ಸುದ್ದಿಯಾಗಿದೆ ಎಂದು ಭಾವನವರು ಮೆಸೇಜು ಹಾಕಿದ್ದರು. ಅದರಲ್ಲಿ ಅರ್ಧ ಮಾತ್ರ ನಿಜ. ಹಿಡಿದದ್ದು ನಿಜ, ಬಾಂಬು ಸುಳ್ಳು. ಎಲ್ಲವೂ ಆದದ್ದು ನಿನ್ನ ಒಂದು ಮಾತಿನಿಂದ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಶ್ರಾವ್ಯಾ ಗುರುಗ್ರಾಮದ ಕಂಪನಿಗೆ ರಾಜೀನಾಮೆ ಕೊಟ್ಟು ಎಸ್ಟೋನಿಯಾದಲ್ಲಿ ಕೆಲಸ ಹಿಡಿದಳು. ಆ ದೇಶ ಎಲ್ಲಿದೆ ಎಂದು ನೀನು ಸೊಸೈಟಿಯ ಗೋಡೆಯ ನಕ್ಷೆಯಲ್ಲಿ ಹುಡುಕಿ ಸಿಗದೆ, ಇಲ್ಲದ ದೇಶಕ್ಕೆ ಹೋಗುತ್ತಾಳೆ ಎಂದು ಸಿಟ್ಟು ಮಾಡಿದೆಯಂತೆ. ಇದೆ ಅಕ್ಕಾ, ಕಡಲೆಬೇಳೆಯಷ್ಟು ಇದೆ. ಕಂಪ್ಯೂಟರಿನೊಳಗೆ ನುಗ್ಗುವ ಕಳ್ಳರನ್ನು ಹಿಡಿಯುವ ವಿದ್ಯೆಯಲ್ಲಿ ಅವರು ಭಾರೀ ಮುಂದಂತೆ, ನಮ್ಮವಳ ಕೆಲಸವೂ ಅದೇ. ಅವಳು ನಿನ್ನನ್ನು ಕೇಳದೆ ಸಹಿ ಹಾಕಿದಳು. ವಿಮಾನ ಸರಿಯಾಗಿ, ಶುಭಕಾರ್ಯಕ್ಕೆ ಆಗದ ಆಟಿ ತಿಂಗಳ ನಡುವೆ ಬಿತ್ತು. ನೀನು ‘ಆಟಿಯಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಹೊಸ್ತಿಲು ದಾಟುತ್ತಾರೆಯೇ? ಹೋಗುವುದಾದರೆ ನನ್ನನ್ನು ಕೇಳುವುದು ಬೇಡ’ ಎಂದು ಫೋನಿಟ್ಟೆ. ಅವಳೂ ನಿನ್ನದೇ ಮಗಳಲ್ಲವೇ, ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಸ್ಕೂಟಿ ಮಾರಿದಳು, ಕಂಪನಿಯ ಲ್ಯಾಪ್‌ಟಾಪು ವಾಪಸು ಕೊಟ್ಟಳು, ಸರ್ಟಿಫಿಕೇಟುಗಳಿಗೆ ಠಸ್ಸೆ ಹಾಕಿಸಿದಳು, ಈ ನಲವತ್ತು ಡಿಗ್ರಿ ಸೆಖೆಯಲ್ಲಿ ಜನಕಪುರಿಯ ಮಾರ್ಕೆಟಿಗೆ ಹೋಗಿ ಉಣ್ಣೆಯ ಒಳಬಟ್ಟೆ ಕೇಳಿದಳು. ಅಂಗಡಿಯವನು ‘ದೀದೀ, ತಬಿಯತ್ ಠೀಕ್ ಹೈ?’ ಎಂದನಂತೆ, ಆರೋಗ್ಯ ಸರಿ ಇದೆಯೇ ಎಂದು. ಆದರೆ ದಿನಾ ಸಂಜೆ ನಮ್ಮ ಹೋಟೆಲಿಗೆ ಬಂದು ಮೂಲೆಯ ಟೇಬಲಿನಲ್ಲಿ ಕೂತಾಗ ಫೋನನ್ನು ಚೀಲದಲ್ಲಿ ಇಡುವುದಿಲ್ಲ. ಸಾಂಬಾರಿನ ಬಟ್ಟಲಿನ ಪಕ್ಕ, ಮುಖ ಮೇಲೆ ಮಾಡಿ ಇಡುತ್ತಾಳೆ. ಅದು ಯಾರಿಗಾಗಿ ಎಂದು ನಾನು ಹೇಳಬೇಕಾಗಿಲ್ಲ.

ಏಳನೇ ಕ್ಲಾಸಿನವರೆಗೆ ಕಲಿತ ತಲೆ ಇಂಥಲ್ಲಿಯೇ ಕೆಲಸಕ್ಕೆ ಬರುವುದು. ನನಗೆ ಥಟ್ಟನೆ ನಮ್ಮ ದೊಡ್ಡಮಾವನ ಕೊಡೆ ನೆನಪಾಯಿತು. ಮುಂಬಯಿಯ ಕೆಲಸಕ್ಕೆ ಅವರು ಆಟಿಯಲ್ಲೇ ಹೋಗಬೇಕಾಗಿ ಬಂದಾಗ ಅಜ್ಜಿ ಏನು ಮಾಡಿದರು? ಆಟಿ ಶುರುವಾಗುವ ಸಂಕ್ರಮಣಕ್ಕೆ ಮೊದಲೇ ಒಳ್ಳೆಯ ಹೊತ್ತು ನೋಡಿ, ಅವರ ಕೊಡೆಯನ್ನೂ ಒಂದು ಜೊತೆ ಬಟ್ಟೆಯನ್ನೂ ಆಚೆಮನೆಯ ಜಗಲಿಯಲ್ಲಿ ಪ್ರಸ್ಥಾನ ಇಡಿಸಿದರು. ಸಾಮಾನು ಹೊರಟರೆ ಮನುಷ್ಯ ಹೊರಟಂತೆ. ಆಮೇಲೆ ಮಾವ ಆಟಿಯಲ್ಲಿ ಆ ಜಗಲಿಯಿಂದಲೇ ಕೊಡೆ ಎತ್ತಿಕೊಂಡು ಹೋದರು, ಮುಂಬಯಿಯಲ್ಲಿ ಎರಡು ಹೋಟೆಲು ಮಾಡಿದರು. ಶಾಸ್ತ್ರವೂ ಉಳಿಯಿತು, ನೌಕರಿಯೂ ಉಳಿಯಿತು. ಇದನ್ನೇ ಶ್ರಾವ್ಯಾಳಿಗೆ ಹೇಳಿದೆ. ‘ಮಾವಾ, ಇದು ಅಡ್ವಾನ್ಸ್ ಬುಕಿಂಗ್ ಅಲ್ವಾ!’ ಎಂದು ನಕ್ಕಳು. ಆಮೇಲೆ, ‘ಅಮ್ಮ ಒಪ್ತಾಳೆ ಅಂತಾದ್ರೆ ಮಾಡುವ’ ಎಂದಳು.

ಸಂಕ್ರಮಣ ಬುಧವಾರ ಇತ್ತು, ನಾನು ಅದಕ್ಕೆ ಮೊದಲಿನ ಸೋಮವಾರ ಗೊತ್ತು ಮಾಡಿದೆ. ಸೋಮವಾರ ಏಳೂವರೆಗೆ ರಾಹುಕಾಲ ಶುರು, ಅದಕ್ಕೆ ಮೊದಲೇ ಆಗಬೇಕು. ಅವಳ ರೂಮು ಗುರುಗ್ರಾಮದಲ್ಲಿ. ಪ್ರಸ್ಥಾನವನ್ನು ಹೋಗುವ ದಿಕ್ಕಿನಲ್ಲೇ ಇಡಬೇಕು, ಎಸ್ಟೋನಿಯಾ ಅಲ್ಲಿಂದ ವಾಯವ್ಯ. ನನ್ನ ಗೆಳೆಯ ಚಂದ್ರಶೇಖರ, ರೈಲ್ವೆಯಿಂದ ರಿಟೈರಾದವನು, ನಮ್ಮ ಕನ್ನಡ ಸಂಘದಲ್ಲಿ ಯಾವಾಗಲೂ ಮೈಕು ಕಿತ್ತುಕೊಳ್ಳುವವನು, ದ್ವಾರಕಾದಲ್ಲಿದ್ದಾನೆ. ದ್ವಾರಕಾ ವಾಯವ್ಯ ಅಲ್ಲ, ಉತ್ತರ. ಅಷ್ಟು ವಾರೆಯನ್ನು ವಿಮಾನ ತಾನೇ ಸರಿಮಾಡಿಕೊಳ್ಳುತ್ತದೆ ಎಂದು ನಾನು ತೀರ್ಮಾನ ಕೊಟ್ಟೆ. ಭಾನುವಾರ ಅವಳು ಹಸಿರು ಸೂಟ್‌ಕೇಸಿನಲ್ಲಿ ಕುಕ್ಕರು, ಇಂದಿರಾ ಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ, ಒಂದು ಜೊತೆ ಬಟ್ಟೆ ತುಂಬಿದಳು. ಸೋದರಮಾವನ ಲೆಕ್ಕದಲ್ಲಿ ನಾನು ಕುಕ್ಕರಿನೊಳಗೆ ಎರಡು ಸೇರು ಕುಚ್ಚಲಕ್ಕಿ, ಅದರಡಿ ಒಂದು ಸಣ್ಣ ಕಾಣಿಕೆ ಇಟ್ಟೆ. ಹೋಟೆಲಿನ ಈರುಳ್ಳಿ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದೆವು, ವಿಮಾನದವರು ಹೇಳಿದ್ದಕ್ಕಿಂತ ಕಡಿಮೆಯೇ ಇತ್ತು. ರಾತ್ರಿ ಅವಳು ಅದನ್ನು ರೂಮಿಗೆ ಒಯ್ದಳು. ಸೋಮವಾರ ಬೆಳಿಗ್ಗೆ ಅವಳಿಗೆ ಆಫೀಸಿನ ಕೊನೆಯ ಮೀಟಿಂಗು. ಪ್ರಸ್ಥಾನವನ್ನು ಮನೆಯ ಹಿರಿಯರು ಇಟ್ಟರೂ ನಡೆಯುತ್ತದೆ ಎಂದು ಹೇಳಿ, ನಾನೊಬ್ಬನೇ ಅವಳ ರೂಮಿನಿಂದ ಸೂಟ್‌ಕೇಸು ಎತ್ತಿಕೊಂಡು ಟ್ಯಾಕ್ಸಿ ಹತ್ತಿದೆ.

ದ್ವಾರಕಾ ತಲುಪಿದಾಗ ಏಳು ಗಂಟೆ ದಾಟಿತ್ತು. ಚಂದ್ರಶೇಖರನ ಮನೆಗೆ ಬೀಗ! ಮಹಾಶಯ ವಾಕಿಂಗಿಗೆ ಹೋಗಿದ್ದಾನೆ, ಫೋನನ್ನು ಚಾರ್ಜಿಗೆ ಹಾಕಿ ಮನೆಯೊಳಗೇ ಬಿಟ್ಟಿದ್ದಾನೆ. ಒಳಗೆ ರಿಂಗಾಗುವುದು ನನಗೆ ಹೊರಗೆ ಕೇಳುತ್ತಿತ್ತು. ರಾಹುಕಾಲ ಬಾಗಿಲಲ್ಲಿ ನಿಂತಿದೆ. ಮನೆ ಸಿಗದಿದ್ದರೆ ಮರದ ಬುಡವಾದರೂ ಆದೀತು ಎಂದು ಅಜ್ಜಿ ಹೇಳಿದ ನೆನಪು. ಅವನ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಪಕ್ಕ ಒಂದು ಒಳ್ಳೆಯ ಬೇವಿನ ಮರ ಇತ್ತು. ಅದರ ಬುಡದಲ್ಲಿ ಸೂಟ್‌ಕೇಸಿಟ್ಟು, ಅರಿಸಿನದ ದಾರ ಸುತ್ತಿ, ಮೇಲೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಕುಂಕುಮ ಹಚ್ಚಿ, ಕೈ ಮುಗಿದು ಹೊರಟೆ. ಪ್ರಸ್ಥಾನ ಇಟ್ಟವರು ತಿರುಗಿ ನೋಡಬಾರದಲ್ಲ? ಹತ್ತು ಹೆಜ್ಜೆ ಹೋಗುವುದರೊಳಗೆ ಹಿಂದಿನಿಂದ ಗಾರ್ಡು ‘ಅಂಕಲ್‌ಜೀ! ಓ ಅಂಕಲ್‌ಜೀ! ಬ್ಯಾಗ್!’ ಎಂದು ಕೂಗಿದ. ನಾನು ತಿರುಗಲಿಲ್ಲ. ಅವನು ಇನ್ನೂ ಜೋರಾಗಿ ಕೂಗಿದ. ನಾನು ಇನ್ನೂ ಜೋರಾಗಿ ನಡೆದೆ. ಅವನು ಓಡಿ ಬರುವ ಸಪ್ಪಳ ಕೇಳಿ ನಾನೂ ಓಡಿ, ಹೊರಟಿದ್ದ ಒಂದು ಇ-ರಿಕ್ಷಾಕ್ಕೆ ಹಾರಿ ಕೂತೆ. ನೀನೇ ನ್ಯಾಯ ಹೇಳು, ನಿನ್ನ ಮಗಳ ಪ್ರಯಾಣ ಕೆಡಬಾರದು ಎಂದು ಓಡಿದವನು ನಾನು. ನೋಡಿದವರಿಗೆ ಹೇಗೆ ಕಂಡಿತೋ ಅದು ನನ್ನ ತಪ್ಪೇ?

ಹೋಟೆಲಿಗೆ ಬಂದು ತಿಂಡಿಯ ಗಲಾಟೆಯಲ್ಲಿ ಮುಳುಗಿದೆ. ಒಂಬತ್ತು ಗಂಟೆಯ ಹೊತ್ತಿಗೆ ಗಿರಾಕಿಯೊಬ್ಬರು, ದ್ವಾರಕಾದ ಒಂದು ಸೊಸೈಟಿಯಲ್ಲಿ ವಾರಸುದಾರರಿಲ್ಲದ ಸೂಟ್‌ಕೇಸು ಸಿಕ್ಕಿ ಜನರನ್ನೆಲ್ಲ ಹೊರಗೆ ಕಳಿಸಿದ್ದಾರಂತೆ ಎಂದರು. ನಾನು ದೋಸೆಗೆ ಪಲ್ಯ ಹಾಕಿಸುತ್ತಾ, ‘ಎಂಥ ಬೇಜವಾಬ್ದಾರಿ ಜನ ಸ್ವಾಮೀ, ಇಂಥವರಿಗೆ ನಾಲ್ಕು ಬಿಡಬೇಕು’ ಎಂದು ದೊಡ್ಡ ಭಾಷಣ ಮಾಡಿದೆ. ಇಡೀ ಹೋಟೆಲು ತಲೆದೂಗಿತು. ಆಗ ಅವರು ಫೋನಿನಲ್ಲಿ ಫೋಟೋ ತೋರಿಸಿದರು. ಹಸಿರು ಸೂಟ್‌ಕೇಸು. ಅರಿಸಿನದ ದಾರ. ಅಣ್ಣು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಕಾವಲಿಯ ಮೇಲಿನ ದೋಸೆ ಸೀಯುವುದನ್ನೂ ಮರೆತು, ‘ಧಣಿಗಳೇ, ಆ ನಾಲ್ಕು ಬಿಡುವುದು ಈಗಲೇಯಾ, ಆಮೇಲೆಯಾ?’ ಎಂದು ಕೇಳಿದ. ಅವನಿಗೆ ಈ ಸಲ ಬೋನಸು ಕೊಡುವುದಿಲ್ಲ.

ನಾನು ಹೋಗುವುದರೊಳಗೆ ಅಲ್ಲಿ ಜಾತ್ರೆ. ಜನ ಎರಡು ಪಾರ್ಟಿ ಆಗಿದ್ದರು. ಅರ್ಧ ಜನ ಬಾಂಬು ಎನ್ನುತ್ತಿದ್ದರು, ಉಳಿದರ್ಧ ಕುಂಕುಮ ನೋಡಿ ಮಾಟ ಎನ್ನುತ್ತಿದ್ದರು. ಎರಡಕ್ಕೂ ಹೆದರಿ ಯಾರೂ ಹತ್ತಿರ ಹೋಗಿರಲಿಲ್ಲ. ಚಂದ್ರಶೇಖರ ಚಡ್ಡಿಯಲ್ಲಿ ರಸ್ತೆಯಾಚೆ ನಿಂತಿದ್ದ. ಪೊಲೀಸರ ನಾಯಿ ಬಂದು ಮೂಸಿತಂತೆ, ಮಿಡಿ ಉಪ್ಪಿನಕಾಯಿಯ ಖಾರಕ್ಕೆ ಸೀನಿತಂತೆ, ಸೀನಿ ಅಲ್ಲೇ ಕೂತುಬಿಟ್ಟಿತಂತೆ. ನಾಯಿ ಕೂತರೆ ಒಳಗೆ ಸಿಡಿಮದ್ದು ಇದೆ ಎಂದರ್ಥವಂತೆ! ಮತ್ತೆ ಯಂತ್ರದಲ್ಲಿ ನೋಡಿದರೆ ಒಳಗೆ ಕುಕ್ಕರು. ದಿಲ್ಲಿಯಲ್ಲಿ ಮರದಡಿ ಸಿಕ್ಕ ಕುಕ್ಕರು ಎಂದರೆ ಯಾರು ತಾನೇ ಅನ್ನದ ಯೋಚನೆ ಮಾಡುತ್ತಾರೆ? ನಾನು ಹಗ್ಗದ ಈಚೆಯಿಂದ ‘ಸಾಬ್, ಅದು ಆಟಿ! ಆಟಿ!’ ಎಂದು ಕೂಗಿಕೊಂಡೆ. ಅಷ್ಟರಲ್ಲಿ ಬಾಂಬು ದಳದ ದಪ್ಪ ಕೋಟಿನವನು ದೂರದಿಂದ ಯಂತ್ರದಲ್ಲಿ ನೀರನ್ನು ಗುಂಡಿನಂತೆ ಹೊಡೆದ. ಢಬ್! ಕುಚ್ಚಲಕ್ಕಿ ಅಕ್ಷತೆಯ ಹಾಗೆ ಎಲ್ಲರ ತಲೆಯ ಮೇಲೆ ಬಿತ್ತು ಅಕ್ಕಾ. ಪೊಲೀಸರ ಮೇಲೆ, ಚಂದ್ರಶೇಖರನ ಮೇಲೆ, ನಾಯಿಯ ಮೇಲೆ. ಇಷ್ಟು ಜನರ ಆಶೀರ್ವಾದ ನಮ್ಮ ವಂಶದಲ್ಲಿ ಯಾರ ಪ್ರಯಾಣಕ್ಕೂ ಸಿಕ್ಕಿಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಪ್ರಸ್ಥಾನ ಎಂದರೇನು ಎಂದು ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಅವರು ತುಂಬಾ ಹೊತ್ತು ಕೇಳಿ, ‘ಚಾಚಾ, ಭಾಂಜಿ ಕರ್ತೀ ಕ್ಯಾ ಹೈ?’ ಎಂದರು. ಸೋದರಸೊಸೆ ಏನು ಕೆಲಸ ಮಾಡುತ್ತಾಳೆ ಎಂದು. ನಾನು ಎದೆ ಉಬ್ಬಿಸಿ ‘ಸೆಕ್ಯುರಿಟಿ’ ಎಂದೆ. ಅವರು ಪೆನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡು ನಕ್ಕರು. ಮಧ್ಯಾಹ್ನದವರೆಗೆ ಕೂರಿಸಿ, ಇನ್ನು ಮೇಲೆ ಯಾವ ಮರದಡಿಯೂ ಏನನ್ನೂ ಇಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು. ನಷ್ಟ ಏನೂ ದೊಡ್ಡದಲ್ಲ. ಸೂಟ್‌ಕೇಸು, ಕುಕ್ಕರು, ಭರಣಿ, ಮತ್ತೆ ಕುಕ್ಕರಿನಲ್ಲಿ ಕಾಣಿಕೆ ಎಂದು ಇಟ್ಟಿದ್ದ ಎರಡು ಸಾವಿರ ರೂಪಾಯಿ ಚಿಂದಿಯಾಯಿತು. ಹೋಗಲಿ, ನನ್ನಂಥವನಿಗೆ ಅದೆಲ್ಲ ಒಂದು ಲೆಕ್ಕವೇ?

ಶ್ರಾವ್ಯಾ ಮೀಟಿಂಗು ಬಿಟ್ಟು ಓಡಿ ಬಂದಿದ್ದಳು. ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅವಳು ನನ್ನ ಕೂದಲಿನಿಂದ ಒಂದು ಅಕ್ಕಿ ಕಾಳು ತೆಗೆದು ನೋಡಿ, ನಗಲು ಶುರು ಮಾಡಿದಳು. ನಿಲ್ಲಲಾಗದೆ ಠಾಣೆಯ ಮೆಟ್ಟಿಲಲ್ಲೇ ಕೂತು ನಕ್ಕಳು. ‘ಅಮ್ಮನಿಗೆ ಹೇಳ್ಬೇಕು ಮಾವಾ, ಅಮ್ಮ ಇದನ್ನು ಕೇಳಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಾಳೆ’ ಎಂದು ಅಲ್ಲೇ ಫೋನ್ ತೆಗೆದು ನಿನಗೆ ಹಚ್ಚಿದಳು. ಎಲ್ಲ ಮರೆತು ಹಚ್ಚಿದಳು ಅಕ್ಕಾ, ಜಗಳವೂ ನೆನಪಿರಲಿಲ್ಲ. ಪೂರ್ತಿ ರಿಂಗಾಗಿ ನಿಂತಿತು. ಆಮೇಲೆ ‘ಹಾಲಿನ ಲಾರಿ ಬರುವ ಹೊತ್ತು, ಬ್ಯುಸಿ ಇರ್ಬೇಕು’ ಎಂದು ನನಗೇ ಸಮಾಧಾನ ಹೇಳಿದಳು. ಮಧ್ಯಾಹ್ನ ಒಂದು ಗಂಟೆಗೆ ಯಾವ ಹಾಲಿನ ಲಾರಿ ಬರುತ್ತದೆ?

ಈಗ ನಾನು ತಮ್ಮನಾಗಿ ಅಲ್ಲ, ಅವಳ ಸೋದರಮಾವನಾಗಿ ಮಾತಾಡುತ್ತೇನೆ. ನಮ್ಮ ಕಟ್ಟುಕಟ್ಟಳೆಯಲ್ಲಿ ಹುಡುಗಿಯ ವಿಷಯದಲ್ಲಿ ಕೊನೆಯ ಮಾತು ಮಾವನದು ಎಂದು ನೀನೇ ಎಲ್ಲ ಮದುವೆ ಮನೆಗಳಲ್ಲಿ ಹೇಳುತ್ತೀ. ನನ್ನ ಮಾತು ಇದು: ಪ್ರಸ್ಥಾನ ಸಂಕ್ರಮಣಕ್ಕೆ ಮೊದಲೇ ಆಗಿದೆ. ಇಷ್ಟು ಗಟ್ಟಿಯಾಗಿ ಆಗಿದೆ ಎಂದರೆ ಆ ಸಾಮಾನನ್ನು ಇನ್ನು ಯಾರೂ ಮನೆಗೆ ವಾಪಸು ತರಲಾರರು. ಸಾಕ್ಷಿ ಬೇಕಾದರೆ ದಿಲ್ಲಿ ಪೊಲೀಸರಿದ್ದಾರೆ. ಹಾಗಾಗಿ ಆಟಿಯ ತಕರಾರು ಮುಗಿಯಿತು. ಇನ್ನು ಉಳಿದದ್ದು ಆಟಿಯದ್ದಲ್ಲ, ನಿನ್ನದು. ಕೇಳದೆ ಸಹಿ ಹಾಕಿದಳು ಎಂಬ ಸಿಟ್ಟು. ಅದು ಸುಳ್ಳು ಸಿಟ್ಟು ಎಂದು ನಾನು ಹೇಳುವುದಿಲ್ಲ. ಕೇಳಬೇಕಿತ್ತು. ಅವಳಿಗೂ ಗೊತ್ತಿದೆ. ‘ಕೇಳಿದ್ರೆ ಅಮ್ಮ ಬೇಡ ಅಂತಿದ್ಳು, ಅಮ್ಮ ಬೇಡ ಅಂದ್ರೆ ನನಗೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ, ಅದಕ್ಕೇ ಕೇಳ್ಲಿಲ್ಲ’ ಎಂದಳು. ಇದರಲ್ಲಿ ಧಿಮಾಕು ಎಷ್ಟು, ಹೆದರಿಕೆ ಎಷ್ಟು, ನೀನೇ ಅಳೆದು ನೋಡು. ಹಾಲಿನ ಕೊಬ್ಬನ್ನು ಅಳೆಯುವವಳು ನೀನು.

ಶನಿವಾರ ರಾತ್ರಿ ಅವಳ ವಿಮಾನ. ಗುರುವಾರ ಆಟಿ ಅಮಾವಾಸ್ಯೆ. ಆ ದಿನದ ಪದ್ಧತಿಯಂತೆ ಹಾಲೆ ಮರದ ತೊಗಟೆಯ ಕಷಾಯ ಕುಡಿದು, ಶುಕ್ರವಾರ ಬೆಳಿಗ್ಗೆ ಮಂಗಳೂರಿನಿಂದ ದಿಲ್ಲಿಗೆ ಹೊರಟು ಬಾ. ಟಿಕೆಟ್ಟನ್ನು ನಾನೇ ತೆಗೆದು, ಪ್ರಿಂಟು ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಕಿಟಕಿಯ ಪಕ್ಕದ ಸೀಟು. ಪೈಲಟ್ಟಿಗೂ ಹೇಳಿದ್ದೇನೆ, ನನ್ನ ಅಕ್ಕ ಬರುತ್ತಾಳೆ, ನಿಧಾನ ಓಡಿಸು ಎಂದು. ಎರಡು ದಿನ ಹಾಲನ್ನು ಭಾವನವರು ಅಳೆಯಲಿ. ಸ್ವಲ್ಪ ನೀರು ಕುಡಿದರೆ ಊರಿನವರು ಸಾಯುವುದಿಲ್ಲ. ಬರುವಾಗ ಒಂದು ಭರಣಿ ಮಿಡಿ ಉಪ್ಪಿನಕಾಯಿ ತಾ, ಇಂದಿರಾಳದ್ದು ದ್ವಾರಕಾದ ಬೇವಿನ ಮರ ತಿಂದಿತು.

ಭಾವನವರಿಗೆ ನನ್ನ ನಮಸ್ಕಾರ, ಹಟ್ಟಿಯ ಕರುವಿಗೆ ಒಂದು ಸವರಿಕೆ. ಇಂದಿರಾ ನಿನ್ನ ಕಾಲಿಗೆ ಬಿದ್ದಿದ್ದಾಳೆ ಎಂದು ಬರೆಯಲು ಹೇಳಿದಳು. ದೇವರು ನಿನ್ನ ಮೊಣಕಾಲಿಗೆ ವಿಮಾನದ ಮೆಟ್ಟಿಲು ಹತ್ತುವಷ್ಟು ಬಲ ಕೊಡಲಿ, ನಿನ್ನ ಹಟಕ್ಕೆ ಕೆಳಗಿಳಿಯುವಷ್ಟು.

ಇತಿ, ನಿನ್ನ ಒಬ್ಬನೇ ತಮ್ಮ, ರಾಜಧಾನಿಯ ಇಡ್ಲಿ ಸಾಮ್ರಾಟ
ಏಕನಾಥ

ತಾ.ಕ.: ಅಣ್ಣುವಿನ ಆಟೋ ಬಂದು ಹಾರ್ನು ಹೊಡೆಯುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಎರಡು ವಿಷಯ ಅವನಿಗೆ ಗೊತ್ತು, ಅವನ ಬಾಯಿಗೆ ಬೀಗವಿಲ್ಲ, ಅದಕ್ಕೆ ನನ್ನಿಂದಲೇ ಕೇಳು. ಟಿಕೆಟ್ಟು ತೆಗೆದದ್ದು ನಾನಲ್ಲ. ಠಾಣೆಯಿಂದ ಬಂದ ಮಾರನೆಯ ದಿನ ಶ್ರಾವ್ಯಾ ತೆಗೆದಳು. ‘ನಾನು ಅಂತ ಹೇಳ್ಬೇಡಿ ಮಾವಾ, ನನ್ನದು ಅಂದ್ರೆ ಬರ್ಲಿಕ್ಕಿಲ್ಲ. ನಿಮ್ಮ ದುಡ್ಡು ಅಂದ್ರೆ, ತಮ್ಮನ ದುಡ್ಡು ದಂಡ ಆಗ್ತದೆ ಅಂತಾದ್ರೂ ಬರ್ತಾಳೆ’ ಎಂದಳು. ಬರದಿದ್ದರೆ ಎಂದು ಕೇಳಿದೆ. ‘ಬರದಿದ್ರೆ ಅಮ್ಮನ ಹೆಸರಿನ ಸೀಟೊಂದು ಖಾಲಿಯಾದ್ರೂ ಬರ್ಲಿ’ ಎಂದಳು. ನಾನೇ ತೆಗೆಯಬೇಕೆಂದಿದ್ದೆ, ದೇವರಾಣೆ. ಕೈಯಲ್ಲಿ ಇರಲಿಲ್ಲ. ಹೊಸ ಗ್ರೈಂಡರಿಗೆಂದು ಕೂಡಿಟ್ಟದ್ದನ್ನೆಲ್ಲ ಅವಳು ಅಲ್ಲಿ ಹೋಗಿ ಬಿಚ್ಚಿ ನೋಡಿ ಬೆರಗಾಗಲಿ ಎಂದು ಆ ಕುಕ್ಕರಿನ ಅಕ್ಕಿಯಡಿ ಇಟ್ಟಿದ್ದೆ. ಬ್ಯಾಂಕಿನವರು ಚೂರುಗಳನ್ನು ಜೋಡಿಸಿ ಆದಷ್ಟು ವಾಪಸು ಕೊಟ್ಟರು. ಅವಳಿಗೆ ಎರಡು ಸಾವಿರ ಎಂದೇ ಹೇಳಿದ್ದೇನೆ, ನೀನೂ ಅಷ್ಟೇ ಹೇಳು. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಶುಕ್ರವಾರ ಬಂದು ಎದುರಿಗೆ ನಿಂತು ಬೈ. ಹೋದದ್ದು ಎಂಬತ್ತೇಳು ಸಾವಿರದ ಐನೂರು.